ನಡು ಕಾರ್ಯಕ್ರಮದಲ್ಲಿ ಸೌಂಡ್ ಕೈಕೊಟ್ಟರೆ: ಎಲ್ಲಿ ಹುಡುಕಬೇಕು, ಏನನ್ನು ಮೊದಲೇ ಕಟ್ಟಿಡಬೇಕು

ಗಣೇಶನ ಪೆಂಡಾಲು, ರಾಜ್ಯೋತ್ಸವದ ರಸಮಂಜರಿ, ಊರಜಾತ್ರೆಯ ಆರ್ಕೆಸ್ಟ್ರಾ, ಮದುವೆ ಆರತಕ್ಷತೆ. ಇಂಥ ಕಡೆ ಸೌಂಡ್ ಹಾಕುವವರಿಗೆ ಈ ಬರಹ. ಸಲಕರಣೆ ಎಷ್ಟಿರುತ್ತದೆ ಅಂತ ಒಂದು ಅಂದಾಜು ಇಟ್ಟುಕೊಳ್ಳೋಣ. 16 ಅಥವಾ 24 ಚಾನೆಲ್ ಮಿಕ್ಸರ್, ಎರಡೂ ಕಡೆ ಟಾಪ್ (ದನಿ ಮತ್ತು ಮೇಲಿನ ಸ್ವರಗಳ ಸ್ಪೀಕರ್) ಮತ್ತು ಬೇಸ್ ಬಾಕ್ಸು, ವೇದಿಕೆ ಮೇಲೆ ನಾಲ್ಕು ಮಾನಿಟರ್ (ಕಲಾವಿದರಿಗೆ ಕೇಳಿಸಲು ಇಡುವ ಸ್ಪೀಕರ್), ಕೀಬೋರ್ಡ್, ರಿದಮ್ ಪ್ಯಾಡ್, ಡ್ರಮ್ಸ್, ಮೂರ್ನಾಲ್ಕು ಗಾಯಕರು, ಪೆಂಡಾಲಿನ ಹಿಂದೆ ಒಂದು ಜನರೇಟರ್. ದೊಡ್ಡ ಕಂಪನಿಗಳ ಸ್ಟೇಡಿಯಂ ಶೋಗಳ ಲೆಕ್ಕ ಬೇರೆ. ಅವರ ಹತ್ತಿರ ಪ್ರತಿಯೊಂದಕ್ಕೂ ಇನ್ನೊಂದು ಇರುತ್ತದೆ. ನಮ್ಮ ಹತ್ತಿರ ಇರುವುದಿಲ್ಲ. ಹಾಗಾಗಿ ಯಾವುದಕ್ಕೆ ಬದಲಿ ಬೇಕು, ಯಾವುದಕ್ಕೆ ಬೇಡ ಅಂತ ನಾವೇ ತೀರ್ಮಾನಿಸಬೇಕು.

ಸೌಂಡ್ ಹೋದಾಗ ಎರಡು ಕೆಲಸ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ. ಒಂದು, ಸೌಂಡ್ ವಾಪಸ್ ತರುವುದು. ಇನ್ನೊಂದು, ಅದು ಯಾಕೆ ಹೋಯಿತು ಅಂತ ಪತ್ತೆ ಮಾಡುವುದು. ಜನ ಮುಂದೆ ಕೂತಿರುವಾಗ ಮೊದಲನೆಯದನ್ನಷ್ಟೇ ಮಾಡಿ. ಎಷ್ಟೋ ಜನ ಸತ್ತ ಕೇಬಲ್ ಬಿಚ್ಚಿ ನೋಡುತ್ತಾ ವೇದಿಕೆ ಮೇಲೇ ಕೂತುಬಿಡುತ್ತಾರೆ. ಅದನ್ನು ಮಾರನೇ ದಿನ ಮನೆಯಲ್ಲಿ ನೋಡಬಹುದು.

ಸಮಯದ ಒತ್ತಡವೂ ಸುಮ್ನೆ ಅಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಹರಿದಿನಗಳಿಗಾಗಿ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ 12 ಗಂಟೆಯವರೆಗೆ ಬಿಡಬಹುದು, ಅಷ್ಟೇ. 9 ಗಂಟೆಗೆ ಇಪ್ಪತ್ತು ನಿಮಿಷ ಕಳೆದರೆ ಅದನ್ನು ಕೊನೆಯಲ್ಲಿ ಸೇರಿಸಿಕೊಳ್ಳಲು ಆಗುವುದಿಲ್ಲ. ಕಳೆದದ್ದು ಕಳೆದಂತೆಯೇ.

ಮೊದಲು ಮೀಟರ್ ನೋಡಿ

ಸೌಂಡ್ ಹೋದ ಕೂಡಲೇ ಕೈ ಯಾವ ನಾಬ್ ಕಡೆಗೂ ಹೋಗಬಾರದು. ಕಣ್ಣು ಮಿಕ್ಸರಿನ ಮೀಟರ್ ಮೇಲೆ ಹೋಗಬೇಕು. ಇದೊಂದು ಅಭ್ಯಾಸವಾದರೆ ಅರ್ಧ ಹುಡುಕಾಟ ಉಳಿಯುತ್ತದೆ.

ಮೇನ್ ಮೀಟರ್ ಕುಣಿಯುತ್ತಿದೆ, ಬಾಕ್ಸಿನಲ್ಲಿ ಸೌಂಡ್ ಇಲ್ಲ. ಅಂದರೆ ಮಿಕ್ಸರಿನವರೆಗೆ ಎಲ್ಲ ಸರಿ ಇದೆ, ತೊಂದರೆ ಅಲ್ಲಿಂದ ಮುಂದೆ: ಔಟ್‌ಪುಟ್ ಕೇಬಲ್, ಕ್ರಾಸ್‌ಓವರ್ (ಬೇಸನ್ನೂ ಮೇಲಿನ ಸ್ವರಗಳನ್ನೂ ಬೇರೆ ಮಾಡುವ ಸಾಧನ), ಪವರ್ ಆಂಪ್ (ಸ್ಪೀಕರ್ ಓಡಿಸುವ ಆಂಪ್ಲಿಫೈಯರ್), ಸ್ಪೀಕರ್ ಕೇಬಲ್. ಚಾನೆಲ್ ಮೀಟರ್ ಇದೆ, ಮೇನ್ ಮೀಟರ್ ಇಲ್ಲ. ಆಗ ತೊಂದರೆ ಮಿಕ್ಸರಿನ ಒಳಗೆ, ಮತ್ತು ಹೆಚ್ಚಿನ ಸಲ ಅದು ಯಾರೋ ಒತ್ತಿದ ಮ್ಯೂಟ್ ಅಥವಾ ಕೆಳಗಿಳಿದ ಗ್ರೂಪ್ ಫೇಡರ್ (ಹಲವು ಚಾನೆಲುಗಳ ಸೌಂಡನ್ನು ಒಟ್ಟಿಗೆ ಏರಿಸಿ ಇಳಿಸುವ ಜಾರುಗುಂಡಿ). ಚಾನೆಲ್ ಮೀಟರೂ ಸತ್ತಿದೆ ಅಂದರೆ ವೇದಿಕೆ ಕಡೆ ನಡೆಯಿರಿ.

ಮಾನಿಟರಿನಲ್ಲಿ ಸೌಂಡ್ ಬರುತ್ತಿದೆಯಾ ಅಂತ ವೇದಿಕೆಯವರನ್ನು ಒಂದು ಸನ್ನೆಯಲ್ಲಿ ಕೇಳಿ. ಅವರಿಗೆ ಕೇಳಿಸುತ್ತಿದೆ, ಜನರಿಗೆ ಕೇಳಿಸುತ್ತಿಲ್ಲ ಅಂದರೆ ಮೈಕು, ಮಲ್ಟಿಕೋರ್ (ವೇದಿಕೆಯಿಂದ ಮಿಕ್ಸರಿಗೆ ಬರುವ, ಹಲವು ಮೈಕುಗಳ ಒಂದೇ ದಪ್ಪ ಕೇಬಲ್), ಮಿಕ್ಸರಿನ ಕರೆಂಟ್ ಮೂರೂ ಒಂದೇ ಏಟಿಗೆ ಅನುಮಾನದಿಂದ ಹೊರಗೆ. ಸಾಲಿನ ಒಂದು ತುದಿಯಿಂದ ಹುಡುಕುತ್ತಾ ಹೋಗಬೇಡಿ. ನಡುವೆ ಕತ್ತರಿಸಿ, ಆ ಕಡೆಯೋ ಈ ಕಡೆಯೋ ನೋಡಿ. ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿ.

ಎಲ್ಲ ಸೌಂಡೂ ಹೋದರೆ

ನಿರೂಪಕರು ಚುರುಕಾಗಿದ್ದರೆ ಎರಡು ಮೂರು ನಿಮಿಷ ಜನರನ್ನು ಮಾತಲ್ಲೇ ಹಿಡಿದಿಡುತ್ತಾರೆ. ಆದರೆ ಅವರ ಕೈಯಲ್ಲೂ ಒಂದು ಮೈಕ್ ಇರಬೇಕಲ್ಲ! ಹಾಗಾಗಿ ನನ್ನ ಪ್ರಕಾರ ಮೊದಲ ಬದಲಿ ವ್ಯವಸ್ಥೆ ಎಂದರೆ ಎರಡನೇ ಮಿಕ್ಸರ್ ಅಲ್ಲ. ಮಿಕ್ಸರನ್ನೇ ಮುಟ್ಟದೆ ಜನರಿಗೆ ಕೇಳಿಸುವ ಒಂದೇ ಒಂದು ಮೈಕ್.

ಅದನ್ನು ಹೀಗೆ ಮಾಡಿ. ಒಳಗೇ ಆಂಪ್ ಇರುವ ಪವರ್ಡ್ ಬಾಕ್ಸು ಒಂದನ್ನು ವೇದಿಕೆಯ ಬದಿಯಲ್ಲಿ, ಜನರ ಕಡೆ ಮುಖ ಮಾಡಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಇಂಥ 12 ಇಂಚು, 15 ಇಂಚಿನ ಬಾಕ್ಸುಗಳ ಹಿಂಬದಿಯಲ್ಲಿ ಹೆಚ್ಚಾಗಿ ಮೈಕ್ ಮತ್ತು ಲೈನ್ ಬದಲಿಸುವ ಸ್ವಿಚ್ ಇರುತ್ತದೆ, ಅಥವಾ ಮೈಕಿಗೇ ಪ್ರತ್ಯೇಕ ಇನ್‌ಪುಟ್ ಇರುತ್ತದೆ. ಸಾದಾ ಡೈನಮಿಕ್ ಮೈಕ್ (ಹೊರಗಿನ ಕರೆಂಟ್ ಬೇಡದ ಮೈಕ್) ಒಂದನ್ನು ನೇರ ಅದಕ್ಕೇ ಸಿಕ್ಕಿಸಿ, ಸ್ವಿಚ್ ಮೈಕ್ ಕಡೆ ಇಟ್ಟು, ವಾಲ್ಯೂಮನ್ನು ಸೊನ್ನೆಯಿಂದ ಮೇಲೆತ್ತಿ ಟೆಸ್ಟ್ ಮಾಡಿ. ಸರಿಯಾದ ಜಾಗಕ್ಕೆ ಒಂದು ಟೇಪಿನ ಗುರುತು ಹಾಕಿ, ಮತ್ತೆ ಇಳಿಸಿಡಿ. ಕಾರ್ಯಕ್ರಮ ಮುಗಿಯುವವರೆಗೆ ಅದು ಕರೆಂಟಿನಲ್ಲೇ ಇರಲಿ. ವೇದಿಕೆ ಹತ್ತಿರ ನಿಲ್ಲುವ ಹುಡುಗನಿಗೆ ಒಂದೇ ಮಾತು ಹೇಳಿಟ್ಟಿರಿ: ನಾನು ಕೈ ಎತ್ತಿದರೆ ವಾಲ್ಯೂಮ್ ಗುರುತಿಗೆ ತಂದು ಆ ಮೈಕನ್ನು ನಿರೂಪಕರಿಗೆ ಕೊಡು.

ಇಷ್ಟಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಹೆಚ್ಚಿಗೆ ಇರುವ ಒಂದು ಮಾನಿಟರ್ ಬಾಕ್ಸು ಸಾಕು. ವ್ಯಾನಿನಲ್ಲಿ ಮಲಗಿರುವ ಬಾಕ್ಸು ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಇಳಿಸಿ, ವೈರು ಎಳೆದು, ಮೈಕ್ ಹುಡುಕುವಷ್ಟರಲ್ಲಿ ಮುಂದಿನ ಸಾಲಿನ ಹಿರಿಯರು ಎದ್ದು ಹೊರಟಿರುತ್ತಾರೆ.

ಇನ್ನೊಂದು ಮೆಟ್ಟಿಲು ಮೇಲೆ ಹೋಗಬಹುದಾದರೆ, ಎಂಟು ಚಾನೆಲಿನ ಒಂದು ಚಿಕ್ಕ ಅನಲಾಗ್ ಮಿಕ್ಸರ್ ಇಟ್ಟುಕೊಳ್ಳಿ. ಮುಖ್ಯ ಗಾಯಕರ ಮೈಕಿಗೆ ಒಂದು ಸ್ಪ್ಲಿಟರ್ ಹಾಕಿ. ಒಂದು ಕವಲು ದೊಡ್ಡ ಮಿಕ್ಸರಿಗೆ, ಇನ್ನೊಂದು ಚಿಕ್ಕದಕ್ಕೆ. ಕೀಬೋರ್ಡಿನಿಂದಲೂ ಒಂದು ಕವಲು ಬರಲಿ. ಚಿಕ್ಕ ಮಿಕ್ಸರಿನ ಔಟ್‌ಪುಟ್ಟನ್ನು ಪವರ್ ಆಂಪ್ ಇರುವ ಜಾಗದವರೆಗೆ ಬೇರೆ ಕೇಬಲ್ಲಿನಲ್ಲಿ ಎಳೆದಿಟ್ಟಿರಿ. ದೊಡ್ಡದು ಸತ್ತರೆ ಆಂಪಿನ ಹಿಂದೆ ಎರಡು ಪಿನ್ ಬದಲಿಸಿದರೆ ಆಯಿತು. ಬದಲಿಸುವ ಮುಂಚೆ ಆಂಪಿನ ವಾಲ್ಯೂಮ್ ಪೂರ್ತಿ ಇಳಿಸಿ, ಇಲ್ಲದಿದ್ದರೆ ಧಡ್ ಅಂತ ಬಡಿದು ಟ್ವೀಟರ್ (ತೆಳು ಸ್ವರದ ಚಿಕ್ಕ ಸ್ಪೀಕರ್) ಹೋದೀತು. ಗಾಯಕರ ದನಿ ಮತ್ತು ಕೀಬೋರ್ಡ್ ಇದ್ದರೆ ಹಾಡು ನಿಲ್ಲುವುದಿಲ್ಲ. ಡ್ರಮ್ಸ್ ಹೇಗೂ ಮೈಕಿಲ್ಲದೆಯೂ ಕೇಳಿಸುತ್ತದೆ.

ಕರೆಂಟು: ಹೆಚ್ಚಿನ ತೊಂದರೆಗಳ ತವರು

ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲಿಯೇ. ಮೈಕ್ ಕೆಟ್ಟರೆ ಒಂದು ಮೈಕ್ ಹೋಗುತ್ತದೆ. ಕರೆಂಟ್ ಕೆಟ್ಟರೆ ಇಡೀ ಸೆಟ್ ಹೋಗುತ್ತದೆ. ಮನುಷ್ಯರೂ ಹೋಗಬಹುದು.

ಪೆಂಡಾಲಿನ ಬೋರ್ಡಿಗೆ ಏನನ್ನೂ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ತೆಗೆಯಿರಿ. ಟೆಸ್ಟರಿನಲ್ಲಿ ಬೆಳಕು ಬಂತು ಅಂದರೆ ಸಾಕಾಗುವುದಿಲ್ಲ. ಮೂರು ಅಳತೆ ನೋಡಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್. ಎರಡನೇ ಅಳತೆ ಒಂದು ಕಡೆ ನಿಲ್ಲದೆ 60, 90, 110 ಅಂತ ಓಲಾಡುತ್ತಿದ್ದರೆ ಅಲ್ಲಿ ಅರ್ಥ್ ಇಲ್ಲ. ಸಾಕೆಟ್ಟಿನಲ್ಲಿ ಮೂರನೇ ತೂತು ಇದೆ, ಹಿಂದೆ ವೈರಿಲ್ಲ, ಅಷ್ಟೇ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ನೆಲಕ್ಕೆ ಅರ್ಥ್ ರಾಡ್ ಹೊಡೆಸಿ, ನೀರು ಹಾಕಿಸಿ, ಮತ್ತೆ ಅಳೆಯಿರಿ. ಜನರೇಟರ್ ಇದ್ದರೆ ಅದನ್ನು ಓಡಿಸಿ ಇದೇ ಮೂರು ಅಳತೆಗಳನ್ನು ಇನ್ನೊಮ್ಮೆ ತೆಗೆದುಕೊಳ್ಳಿ. ಲೈನಿನಲ್ಲಿ ಸರಿ ಇದ್ದದ್ದು ಜನರೇಟರಿನಲ್ಲಿ ಸರಿ ಇರಬೇಕೆಂದಿಲ್ಲ.

ಅತಿ ಅಪಾಯದ ದೋಷ ಎಂದರೆ ನ್ಯೂಟ್ರಲ್ ಕಿತ್ತುಹೋಗುವುದು. ತ್ರೀ ಫೇಸ್ ಬೋರ್ಡಿನಲ್ಲಿ ಒಂದು ಫೇಸಿಗೆ ಲೈಟಿಂಗು, ಒಂದಕ್ಕೆ ಸೌಂಡು, ಇನ್ನೊಂದಕ್ಕೆ ಅಡುಗೆಮನೆ ಅಂತ ಹಂಚಿರುತ್ತಾರೆ. ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಮೂರಕ್ಕೂ 230. ಅದು ಸಡಿಲವಾದರೆ ಕಡಿಮೆ ಲೋಡ್ ಇರುವ ಫೇಸಿನ ವೋಲ್ಟೇಜ್ 400ರ ಹತ್ತಿರದವರೆಗೂ ಏರಬಹುದು, ಜಾಸ್ತಿ ಲೋಡ್ ಇರುವುದರದ್ದು ಕುಸಿಯುತ್ತದೆ. ಕಣ್ಣಿಗೆ ಕಾಣುವ ಗುರುತು ಒಂದೇ: ಪೆಂಡಾಲಿನ ಒಂದು ಕಡೆಯ ಬಲ್ಬುಗಳು ಹಠಾತ್ತನೆ ಕಣ್ಣು ಕುಕ್ಕುವಷ್ಟು ಬೆಳಗುತ್ತವೆ, ಇನ್ನೊಂದು ಕಡೆಯವು ಮಂಕಾಗುತ್ತವೆ. ಇದನ್ನು ಕಂಡ ಕ್ಷಣ ಯಾರನ್ನೂ ಕೇಳಬೇಡಿ, ಮೇನ್ ಇಳಿಸಿ. ಹಾಡು ನಿಂತರೆ ನಿಲ್ಲಲಿ. ಆ ವೋಲ್ಟೇಜಿಗೆ ಮಿಕ್ಸರಿನ ಪವರ್ ಸಪ್ಲೈ ಉಳಿಯುವುದಿಲ್ಲ. ಸೌಂಡಿನ ಬೋರ್ಡಿಗೆ ವೋಲ್ಟೇಜ್ ಜಾಸ್ತಿಯಾದರೆ ಕತ್ತರಿಸುವ ಒಂದು ರಿಲೇ, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಕತ್ತರಿಸುವ ಸ್ವಿಚ್) ಹಾಕಿಸಿ. ಹೊಸ ಮೈಕ್ ಕೊಳ್ಳುವ ದುಡ್ಡನ್ನು ಮೊದಲು ಇದಕ್ಕೆ ಹಾಕಿ ಅಂತ ನಾನು ಯಾವಾಗಲೂ ಹೇಳುವುದು.

ಇನ್ನೊಂದು ದೋಷ ಮೋಸದ್ದು. ಸೌಂಡ್ ಚೆಕ್ ಮಾಡುವಾಗ ಎಲ್ಲ ಸರಿ. ರಾತ್ರಿ ಬೇಸ್ ಜೋರಾದಾಗ ಆಂಪ್ ಕಟ್ ಆಗಿ ಮತ್ತೆ ಬರುತ್ತದೆ, ಇಲ್ಲವೇ ಡಿಜಿಟಲ್ ಮಿಕ್ಸರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಆಂಪ್ ಕೆಟ್ಟಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಸಲು ಕಾರಣ ಹೆಚ್ಚಾಗಿ ಸಣ್ಣ ವೈರು. ಲೆಕ್ಕ ನೋಡಿ. 1 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 18 ಓಮ್ ತಡೆ. ಬೋರ್ಡಿನಿಂದ ವೇದಿಕೆಗೆ 50 ಮೀಟರ್ ಅಂದರೆ ಹೋಗಿಬರಲು 100 ಮೀಟರ್, 1.8 ಓಮ್. ಅದರಲ್ಲಿ 15 ಆಂಪಿಯರ್ ಎಳೆದರೆ 27 ವೋಲ್ಟ್ ದಾರಿಯಲ್ಲೇ ಖಾಲಿ. 230 ಹೊರಟಿದ್ದು ವೇದಿಕೆಗೆ 203 ಆಗಿ ಮುಟ್ಟುತ್ತದೆ. ಅಷ್ಟು ಸಣ್ಣ ವೈರಿನಲ್ಲಿ ಅಷ್ಟು ಕರೆಂಟ್ ಎಳೆಯುವುದೇ ತಪ್ಪು, ಆದರೂ ಪೆಂಡಾಲುಗಳಲ್ಲಿ ದಿನಾ ನಡೆಯುತ್ತದೆ. ಅದೇ ದೂರಕ್ಕೆ 2.5 ಚದರ ಮಿಲಿಮೀಟರ್ ಹಾಕಿದರೆ ನಷ್ಟ 11 ವೋಲ್ಟಿನ ಸುತ್ತ. 4 ಹಾಕಿದರೆ ಇನ್ನೂ ಕಡಿಮೆ. ಹಾಗಾಗಿ ವೋಲ್ಟೇಜನ್ನು ಸುಮ್ಮನಿದ್ದಾಗ ಅಳೆದರೆ ಸಾಲದು. ಬೇಸ್ ಬಡಿಯುತ್ತಿರುವಾಗ ವೇದಿಕೆಯ ಬೋರ್ಡಿನಲ್ಲೇ ಮೀಟರ್ ಇಟ್ಟು ನೋಡಿ. ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುರುಳಿಯಲ್ಲೇ ಬಿಟ್ಟರೆ ಕಾದು ಕರಗುತ್ತದೆ.

ಯುಪಿಎಸ್ ಬಗ್ಗೆ ಒಂದು ಮಾತು. ಪವರ್ ಆಂಪುಗಳನ್ನು ಯುಪಿಎಸ್ಸಿನಲ್ಲಿ ಓಡಿಸುವ ಆಸೆ ಬೇಡ. ಮಿಕ್ಸರಿಗೆ ಮಾತ್ರ ಹಾಕಿ. ಲೈನಿನಿಂದ ಜನರೇಟರಿಗೆ ಚೇಂಜ್‌ಓವರ್ ಆಗುವ ಕೆಲವು ಸೆಕೆಂಡುಗಳಲ್ಲಿ ಅನಲಾಗ್ ಮಿಕ್ಸರ್ ಸತ್ತು ಕೂಡಲೇ ಎದ್ದುಬಿಡುತ್ತದೆ. ಡಿಜಿಟಲ್ ಮಿಕ್ಸರ್ ಮೊದಲಿನಿಂದ ಬೂಟ್ ಆಗಬೇಕು. ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಇಂಥ ಮಿಕ್ಸರನ್ನು ಕೆಲವು ನಿಮಿಷ ಎಳೆಯುತ್ತದೆ, ನಮಗೆ ಬೇಕಾದ್ದು ಅಷ್ಟೇ. ಆದರೆ ಎಲ್ಲರೂ ಮರೆಯುವುದು ವೇದಿಕೆ ಮೇಲಿನ ಸ್ಟೇಜ್‌ಬಾಕ್ಸನ್ನು, ಅಂದರೆ ಮೈಕುಗಳನ್ನು ಸಿಕ್ಕಿಸಿ ಒಂದೇ ಕೇಬಲ್ಲಿನಲ್ಲಿ ಮಿಕ್ಸರಿಗೆ ಕಳಿಸುವ ಪೆಟ್ಟಿಗೆಯನ್ನು. ಮಿಕ್ಸರ್ ಎದ್ದೇ ಇದೆ, ಸ್ಟೇಜ್‌ಬಾಕ್ಸ್ ಮಲಗಿದೆ ಅಂದರೆ ಏನು ಪ್ರಯೋಜನ? ಅದಕ್ಕೂ ಒಂದು ಯುಪಿಎಸ್ ಬೇಕು. ಬ್ಯಾಟರಿ ಜೀವಂತ ಇದೆಯಾ ಅಂತ ತಿಳಿಯಲು ಸೌಂಡ್ ಚೆಕ್ ನಡೆಯುವಾಗ ಗೋಡೆಯ ಪ್ಲಗ್ ಕಿತ್ತು ನೋಡಿ. ಹಳೇ ಬ್ಯಾಟರಿ ಇದ್ದರೆ ಆಗಲೇ ಗೊತ್ತಾಗುತ್ತದೆ.

ಒಂದೇ ಮೈಕ್ ಸತ್ತರೆ

ಅನುಮಾನ ಮೊದಲು ಕೇಬಲ್ ಮೇಲೆ. ಆಮೇಲೆ ಚಾನೆಲ್. ಕೊನೆಯಲ್ಲಿ ಮೈಕ್. ಡೈನಮಿಕ್ ಮೈಕುಗಳು ಬಿದ್ದರೂ ಎದ್ದರೂ ಸುಲಭಕ್ಕೆ ಸಾಯುವುದಿಲ್ಲ. ಪ್ರತಿ ಹಾಡಿಗೂ ಎಳೆದಾಡುವ ಕೇಬಲ್ ಸಾಯುತ್ತದೆ.

ನಡು ಹಾಡಿನಲ್ಲಿ ಕೇಬಲ್ ಬಿಚ್ಚಿ ಹಾಕಿ ಆಟ ಆಡಬೇಡಿ. ಕೇಬಲ್ ಸಮೇತ ಇನ್ನೊಂದು ಮೈಕ್, ಬೇರೆ ಚಾನೆಲಿನಲ್ಲಿ, ಗಾಯಕರಿಗೆ ಇಟ್ಟ ಅದೇ ಗೇನ್ (ಮೈಕಿನ ಸಿಗ್ನಲ್ ಎಷ್ಟು ಎತ್ತಬೇಕು ಅನ್ನುವುದು) ಮತ್ತು ಇಕ್ಯೂ (ಬೇಸ್, ಟ್ರೆಬಲ್ ಹೊಂದಾಣಿಕೆ) ಹಾಕಿ, ಮ್ಯೂಟ್ ಮಾಡಿ ವೇದಿಕೆ ಬದಿಯಲ್ಲಿ ಸಿದ್ಧವಿರಲಿ. ಸತ್ತದ್ದನ್ನು ಇಸಿದುಕೊಂಡು ಇದನ್ನು ಕೊಟ್ಟು ಮ್ಯೂಟ್ ತೆಗೆದರೆ ಒಂದು ಸಾಲು ಕೂಡ ತಪ್ಪುವುದಿಲ್ಲ.

ಕಂಡೆನ್ಸರ್ ಮೈಕ್ (ಕೆಲಸ ಮಾಡಲು ಕರೆಂಟ್ ಬೇಕಾದ ಮೈಕ್) ಅಥವಾ ಆಕ್ಟಿವ್ ಡಿಐ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಸತ್ತಂತೆ ಕಂಡರೆ 48 ವೋಲ್ಟಿನ ಫ್ಯಾಂಟಮ್, ಅಂದರೆ ಮಿಕ್ಸರ್ ಮೈಕ್ ಕೇಬಲ್ಲಿನಲ್ಲೇ ಕಳಿಸುವ ಕರೆಂಟ್, ಆನ್ ಇದೆಯಾ ನೋಡಿ. ಇದು ಎಷ್ಟು ಸಾದಾ ವಿಷಯವೋ ಅಷ್ಟೇ ಸಲ ಮರೆತುಹೋಗುತ್ತದೆ. ಹಾಡು ನಡೆಯುತ್ತಿದ್ದರೆ ಮೊದಲು ಚಾನೆಲ್ ಮ್ಯೂಟ್ ಮಾಡಿ, ಆಮೇಲೆ ಫ್ಯಾಂಟಮ್ ಒತ್ತಿ.

ದನಿ ಪೂರ್ತಿ ಹೋಗದೆ ತೆಳ್ಳಗಾಗಿ, ಸಣ್ಣದಾಗಿ, ಜೊತೆಗೆ ಸ್ವಲ್ಪ ಗುಂಯ್ ಅಂತ ಬರುತ್ತಿದ್ದರೆ ಎಕ್ಸ್‌ಎಲ್‌ಆರ್ ಪಿನ್ನಿನ (ಮೈಕ್ ಕೇಬಲ್ಲಿನ ಮೂರು ಕಡ್ಡಿಯ ಪ್ಲಗ್ಗಿನ) ಒಳಗೆ 2 ಅಥವಾ 3ನೇ ಎಳೆ ಕಿತ್ತಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಮಾರನೇ ದಿನ ಬೆಳಕಿನಲ್ಲಿ ಆ ಪಿನ್ ಬಿಚ್ಚಿ. ಹಿಂಬದಿಯ ರಬ್ಬರು ತಿರುಗಿಸಿ ಹಿಂದಕ್ಕೆ ಸರಿಸಿದರೆ ಒಳಗೆ ಮೂರು ಲೋಹದ ಬಟ್ಟಲು, ಪಕ್ಕದಲ್ಲಿ 1, 2, 3 ಅಂತ ಸಣ್ಣ ಅಂಕಿ. 1ಕ್ಕೆ ಹೊರಗಿನ ಜಾಲರಿ, 2 ಮತ್ತು 3ಕ್ಕೆ ಒಳಗಿನ ಎರಡು ಎಳೆ. ಬೆಸುಗೆ ಹೊಳಪಾಗಿ ನಯವಾಗಿದ್ದರೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಬೂದುಬಣ್ಣದ ಉಂಡೆಯಾಗಿ ಬಿರುಕು ಬಿಟ್ಟಿದ್ದರೆ ಅದು ಹಿಡಿದಿಲ್ಲ, ಸುಮ್ನೆ ಅಂಟಿಕೊಂಡಿದೆ. ಜಾಲರಿಯ ಒಂದೇ ಒಂದು ಕೂದಲೆಳೆ ಪಕ್ಕದ 2ನೇ ಬಟ್ಟಲಿಗೆ ತಾಗಿದ್ದರೂ ಸಾಕು, ಮೈಕ್ ಆಗಾಗ ಸಾಯುತ್ತದೆ. ಕೇಬಲ್ಲಿನ ಹೊರಸಿಪ್ಪೆಯನ್ನು ಒಳಗಿನ ಹಿಡಿಕೆ ಬಿಗಿಯಾಗಿ ಕಚ್ಚಿದೆಯಾ ನೋಡಿ. ಅದು ಸಡಿಲವಾದರೆ ಎಳೆತವೆಲ್ಲ ಬೆಸುಗೆಯ ಮೇಲೇ ಬೀಳುತ್ತದೆ.

ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು 1ರಿಂದ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ ಹಿಡಿದು, ಪಿನ್ನಿನ ಬುಡದಿಂದ ಒಂದು ಗೇಣು ದೂರದವರೆಗೆ ಕೇಬಲ್ಲನ್ನು ಬಾಗಿಸುತ್ತಾ ಹೋಗಿ. ಬೀಪ್ ಎಲ್ಲಿ ಕಡಿಯುತ್ತದೋ ರೋಗ ಅಲ್ಲೇ. ಬಾಗಿಸದೆ ಮಾಡಿದ ಟೆಸ್ಟು ಟೆಸ್ಟೇ ಅಲ್ಲ.

ಮಲೆನಾಡು, ಕರಾವಳಿ ಕಡೆಯ ಮಳೆಗಾಲದಲ್ಲಿ ಪಿನ್ನುಗಳಿಗೆ ಕಿಲುಬು ಹಿಡಿದು ಕರಕರ ಅನ್ನುವುದು ಮಾಮೂಲು. ನಾಲ್ಕೈದು ಸಲ ಸಿಕ್ಕಿಸಿ ತೆಗೆದರೆ ಆ ಹೊತ್ತಿಗೆ ಸರಿಹೋಗುತ್ತದೆ. ಸರಿಯಾದ ಮದ್ದು ಎಂದರೆ ಕಾಂಟ್ಯಾಕ್ಟ್ ಕ್ಲೀನರ್. ನೆಲದ ಮೇಲೆ ಕೇಬಲ್ ಜೋಡಿಸಿದ ಜಾಗ ಯಾವಾಗಲೂ ಒಂದು ಮಣೆಯ ಮೇಲೋ ಕುರ್ಚಿಯ ಮೇಲೋ ಇರಲಿ. ಪ್ಲಾಸ್ಟಿಕ್ ಕವರ್ ಸುತ್ತಿ ಕೆಳಗೆ ಬಿಟ್ಟರೆ ಅದರೊಳಗೇ ನೀರು ನಿಲ್ಲುತ್ತದೆ.

ಗುಂಯ್ ಅನ್ನುವ ಹಮ್

ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಹಮ್ ಬರುವುದು 50ರಲ್ಲಿ ಮತ್ತು ಅದರ ಮಡಿಗಳಾದ 100, 150ರಲ್ಲಿ. ದಪ್ಪ ಸ್ವರದ ಹಮ್ ಆದರೆ ಅರ್ಥಿನ ಸುತ್ತು, ಅಂದರೆ ಒಂದೇ ಸಾಧನಕ್ಕೆ ಎರಡು ದಾರಿಯಲ್ಲಿ ಅರ್ಥ್ ಸಿಕ್ಕಿದೆ ಅಂತ ಊಹಿಸಿ. ಚುರುಚುರು ಅನ್ನುವ ತೆಳು ಸದ್ದಾದರೆ ಲೈಟಿಂಗ್ ಡಿಮ್ಮರ್ ಅಥವಾ ಲ್ಯಾಪ್‌ಟಾಪ್ ಚಾರ್ಜರ್. ಚಾನೆಲುಗಳನ್ನು ಒಂದೊಂದಾಗಿ ಮ್ಯೂಟ್ ಮಾಡುತ್ತಾ ಹೋದರೆ ಯಾವುದರಿಂದ ಬರುತ್ತಿದೆ ಅಂತ ಸಿಗುತ್ತದೆ. ಹೆಚ್ಚಿನ ಸಲ ಅದು ಕೀಬೋರ್ಡ್, ಪ್ಯಾಡ್, ಅಥವಾ ಟ್ರ್ಯಾಕ್ ಹಾಕುವ ಲ್ಯಾಪ್‌ಟಾಪ್.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಸದ್ದು ನಿಂತರೆ ಕಾರಣ ಸಿಕ್ಕಿತು. ಆ ಹಾಡು ಬ್ಯಾಟರಿಯಲ್ಲೇ ಮುಗಿಸಿ. ಆಮೇಲೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ನಡುವೆ ಹಾಕಿ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲ್ಲಿನ ಅರ್ಥ್ ಸಂಪರ್ಕ ಮಾತ್ರ ಬಿಡಿಸುವ ಸ್ವಿಚ್) ಒತ್ತಿ. ವೇದಿಕೆಯ ವಾದ್ಯಗಳೂ ಮಿಕ್ಸರೂ ಒಂದೇ ಫೇಸಿನಿಂದ, ಒಂದೇ ಅರ್ಥಿನಿಂದ ಕರೆಂಟ್ ತೆಗೆದುಕೊಂಡರೆ, ಲೈಟಿಂಗಿಗೆ ಬೇರೆ ಫೇಸ್ ಕೊಟ್ಟರೆ ಈ ತಲೆನೋವು ಮುಕ್ಕಾಲು ಭಾಗ ಶುರುವಾಗುವುದೇ ಇಲ್ಲ.

ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ. ಹಮ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು, ಅರ್ಥ್ ವೈರ್ ಕತ್ತರಿಸುವುದು. ಹಮ್ ಹೋಗುತ್ತದೆ, ಹೌದು. ಆದರೆ ಗಿಟಾರ್ ಆಂಪಿನಲ್ಲಿ ಒಳಗೆ ಏನಾದರೂ ತಾಗಿದರೆ ಆ ಕರೆಂಟು ತಂತಿಗಳ ಮೂಲಕ ವಾದಕನ ಕೈಗೆ ಬಂದು, ತುಟಿಗೆ ತಾಗಿದ ಮೈಕಿನ ದಾರಿಯಲ್ಲಿ ನೆಲ ಸೇರುತ್ತದೆ. ಬ್ರಿಟನ್ನಿನ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ 3ರಂದು ಸ್ವಾನ್ಸಿಯ ವೇದಿಕೆಯಲ್ಲೇ ಸತ್ತದ್ದು ಅರ್ಥಿಂಗ್ ಸರಿಯಿಲ್ಲದ ಸಲಕರಣೆಯ ಮೈಕ್ ಮುಟ್ಟಿ. ಮೈಕ್ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಯಾವ ಗಾಯಕರು ಹೇಳಿದರೂ ನಗಬೇಡಿ, ಚಪ್ಪಲಿ ಹಾಕಿಕೊಳ್ಳಿ ಅಂತಲೂ ಹೇಳಬೇಡಿ. ನಿಲ್ಲಿಸಿ, ಅಳೆಯಿರಿ.

ಕಾರ್ಡ್‌ಲೆಸ್ ಮೈಕ್ ಕಡಿದು ಕಡಿದು ಬಂದರೆ

ಮಧ್ಯಾಹ್ನ ಖಾಲಿ ಮೈದಾನದಲ್ಲಿ ಸರಿ ಇದ್ದದ್ದು ರಾತ್ರಿ ಕೈಕೊಡುತ್ತದೆ. ಕಾರಣ ಜನ. ಮನುಷ್ಯರ ಮೈ ಮೈಕಿನ ರೇಡಿಯೊ ಅಲೆಗಳನ್ನು ಹೀರಿಕೊಳ್ಳುತ್ತದೆ. ಆ ಅಲೆ ಹಿಡಿಯುವ ರಿಸೀವರನ್ನು ಮಿಕ್ಸರ್ ಪಕ್ಕ, ಜನರ ಆಚೆ ಇಡಬೇಡಿ. ವೇದಿಕೆ ಬದಿಯಲ್ಲಿ, ತಲೆಗಿಂತ ಎತ್ತರದಲ್ಲಿ, ಗಾಯಕರು ನೇರ ಕಾಣುವಂತೆ ಇಡಿ.

ಎರಡು ಮೂರು ಕಾರ್ಡ್‌ಲೆಸ್ ಒಟ್ಟಿಗೆ ಹಾಕಿದಾಗ ಮಾತ್ರ ತೊಂದರೆ ಬಂದರೆ ಅದು ಫ್ರೀಕ್ವೆನ್ಸಿಗಳ ಜಗಳ. 610.0 ಮತ್ತು 610.6 ಮೆಗಾಹರ್ಟ್ಸಿನ ಎರಡು ಮೈಕ್ ಸೇರಿ 609.4ರಲ್ಲೂ 611.2ರಲ್ಲೂ ಪಿಶಾಚಿ ಸಿಗ್ನಲ್ ಹುಟ್ಟಿಸುತ್ತವೆ. ಮೂರನೆಯದನ್ನು ಸಮ ಅಂತರದಲ್ಲಿ ಇರಲಿ ಅಂತ 611.2ಕ್ಕೇ ಹಾಕಿದರೆ ಅದು ನೇರ ಆ ಗುಂಡಿಗೇ ಬೀಳುತ್ತದೆ. ಅಂತರ ಬೇಕಂತಲೇ ಏರುಪೇರಾಗಿರಲಿ. ಕಂಪನಿ ಕೊಟ್ಟಿರುವ ಗ್ರೂಪ್ ಮತ್ತು ಚಾನೆಲ್ ಪಟ್ಟಿಯನ್ನು ಬಳಸಿದರೆ ಈ ಲೆಕ್ಕವನ್ನು ಅವರೇ ಮಾಡಿರುತ್ತಾರೆ.

ಬ್ಯಾಟರಿ ಪ್ರತಿ ಕಾರ್ಯಕ್ರಮಕ್ಕೂ ಹೊಸ ಆಲ್ಕಲೈನ್. ನಿನ್ನೆ ಅರ್ಧ ಓಡಿದ ಸೆಲ್ಲನ್ನು ಮನೆಯ ಗೋಡೆ ಗಡಿಯಾರಕ್ಕೆ ಹಾಕಿ. ಎಷ್ಟೇ ಒಳ್ಳೆ ಕಾರ್ಡ್‌ಲೆಸ್ ಇದ್ದರೂ ಮುಖ್ಯ ಗಾಯಕರಿಗೆ ಒಂದು ವೈರಿನ ಮೈಕ್ ಸ್ಟ್ಯಾಂಡಿನಲ್ಲಿ ನಿಂತಿರಲೇಬೇಕು.

ಕುಂಯ್ ಅನ್ನುವ ಫೀಡ್‌ಬ್ಯಾಕ್

ಸ್ಪೀಕರಿನ ಸೌಂಡು ಮತ್ತೆ ಮೈಕಿಗೇ ಹೋಗಿ ಸುತ್ತುವುದರಿಂದ ಬರುವುದು ಇದು. ಸಲಕರಣೆ ಕೆಟ್ಟದ್ದಲ್ಲ, ಜೋಡಣೆಯ ದೋಷ. ತೆರೆದಿರುವ ಮೈಕುಗಳು ಎರಡು ಪಟ್ಟಾದಾಗಲೆಲ್ಲ ಕುಂಯ್ ಅನ್ನುವ ಮುಂಚೆ ಸಿಗುವ ಸೌಂಡು ಸುಮಾರು 3 ಡೆಸಿಬೆಲ್ ಕಡಿಮೆಯಾಗುತ್ತದೆ. ಹಾಡದ ಗಾಯಕರ ಮೈಕ್ ಮ್ಯೂಟ್ ಮಾಡಿ. ಗ್ರಾಫಿಕ್ ಇಕ್ಯೂ ಮುಟ್ಟುವ ಮುಂಚೆ ಅದೇ ಮೊದಲ ಮದ್ದು. ಎರಡನೆಯದು, ಗಾಯಕರು ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದ್ದಾರಾ ನೋಡಿ. ಮುಚ್ಚಿದರೆ ಹಿಂದಿನಿಂದ ಬರುವ ಸದ್ದನ್ನು ತೆಗೆದುಕೊಳ್ಳದ ಅದರ ಗುಣವೇ ಹೋಗಿ ಮಾನಿಟರನ್ನೆಲ್ಲ ಎಳೆದುಕೊಳ್ಳುತ್ತದೆ. ಇದನ್ನು ಸೌಂಡ್ ಚೆಕ್ಕಿನಲ್ಲೇ ವಿನಯವಾಗಿ ಹೇಳಿ. ವೇದಿಕೆ ಏರಿದ ಮೇಲೆ ಯಾರೂ ಕೇಳುವುದಿಲ್ಲ.

ಆಂಪ್ ಪ್ರೊಟೆಕ್ಟ್‌ಗೆ ಹೋದರೆ

ಅಂದರೆ ಆಂಪ್ ಕೆಂಪು ದೀಪ ಹತ್ತಿಸಿ ತನ್ನನ್ನು ಕಾಪಾಡಿಕೊಳ್ಳಲು ತಾನೇ ಸೌಂಡ್ ಕಟ್ ಮಾಡಿದೆ. ಆಂಪ್ ಆಫ್ ಮಾಡಿ, ಸ್ಪೀಕರ್ ಕೇಬಲ್ ಕಿತ್ತು, ಮತ್ತೆ ಆನ್ ಮಾಡಿ. ಕೆಂಪು ದೀಪ ಹಾಗೇ ಇದ್ದರೆ ಆಂಪಿನೊಳಗೆ ತೊಂದರೆ. ದೀಪ ಹೋದರೆ ಕೇಬಲ್ ಅಥವಾ ಬಾಕ್ಸು. 8 ಓಮಿನ ಒಂದು ಸ್ಪೀಕರನ್ನು ಮೀಟರಿನಲ್ಲಿ ಅಳೆದರೆ ಸಾಮಾನ್ಯವಾಗಿ 5.5ರಿಂದ 7ರವರೆಗೆ ತೋರಿಸುತ್ತದೆ, ಅದು ಸರಿಯೇ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಏನೂ ಬರದಿದ್ದರೆ ಕಾಯಿಲ್ ಸುಟ್ಟಿದೆ ಇಲ್ಲವೇ ಒಳಗಿನ ವೈರು ಕಿತ್ತಿದೆ.

ಆಂಪ್ ಬಿಸಿಯಾದ ಮೇಲೆ ಮಾತ್ರ ದೀಪ ಬರುತ್ತಿದ್ದರೆ ಬಾಕ್ಸುಗಳನ್ನು ಎಣಿಸಿ. 8 ಓಮಿನ ಎರಡು ಬಾಕ್ಸು ಒಂದೇ ಚಾನೆಲಿಗೆ ಸೇರಿಸಿದರೆ 4 ಓಮ್, ನಾಲ್ಕು ಸೇರಿಸಿದರೆ 2 ಓಮ್. 4 ಓಮಿಗೆ ನಿಲ್ಲುವ ಆಂಪ್ 2 ಓಮಿಗೆ ನಿಲ್ಲುವುದಿಲ್ಲ. ಕಮಿಟಿಯವರು ಇನ್ನೆರಡು ಬಾಕ್ಸ್ ಇಡಿ ಅಂದಾಗ ಇದೇ ಆಗುವುದು. ಒಂದು ಆಂಪ್ ಪೂರ್ತಿ ಸತ್ತರೆ ಆ ಕಡೆಯ ಟಾಪನ್ನು ಮಾನಿಟರ್ ಆಂಪಿಗೆ ಬದಲಿಸಿ. ಅದಕ್ಕೆ ಬೇಕಾದಷ್ಟು ಉದ್ದದ ಸ್ಪೀಕಾನ್ (ತಿರುಗಿಸಿ ಬಿಗಿಯುವ ಸ್ಪೀಕರ್ ಪ್ಲಗ್ಗಿನ) ಕೇಬಲ್ ಹತ್ತಿರದಲ್ಲೇ ಸುತ್ತಿಟ್ಟಿರಿ. ಬೇಸ್ ಇಲ್ಲದೆ ಕಾರ್ಯಕ್ರಮ ಮುಗಿಸಬಹುದು, ಟಾಪ್ ಇಲ್ಲದೆ ಆಗುವುದಿಲ್ಲ.

ಡಿಜಿಟಲ್ ಮಿಕ್ಸರಿಗೆ ಮಾತ್ರ ಬರುವ ಕಾಯಿಲೆಗಳು

ಪರದೆ ಹೆಪ್ಪುಗಟ್ಟಿದೆ, ಸೌಂಡು ಬರುತ್ತಿದೆ ಅಂದರೆ ಮುಟ್ಟಬೇಡಿ. ಹಾಡು ಮುಗಿಯಲಿ. ಆಂಪ್ ಇಳಿಸಿ, ಆಮೇಲೆ ರೀಸ್ಟಾರ್ಟ್. ಸೌಂಡ್ ಚೆಕ್ ಮುಗಿದ ಕೂಡಲೇ ಸೀನನ್ನು (ಮಿಕ್ಸರಿನ ಎಲ್ಲ ಸೆಟ್ಟಿಂಗುಗಳನ್ನು) ಮಿಕ್ಸರಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಉಳಿಸಿಡಿ.

ಎಲ್ಲ ಚಾನೆಲಿನಲ್ಲೂ ಒಟ್ಟಿಗೆ ಟಪ್ ಟಪ್ ಅಂತ ಬಂದರೆ ಮಿಕ್ಸರಿನಿಂದ ಸ್ಟೇಜ್‌ಬಾಕ್ಸಿಗೆ ಹೋಗುವ ನೆಟ್‌ವರ್ಕ್ ಕೇಬಲ್ ನೋಡಿ. ಯಾರೋ ಅದರ ಮೇಲೆ ಕುರ್ಚಿ ಇಟ್ಟಿರುತ್ತಾರೆ. ಇಂಟರ್ನೆಟ್ಟಿಗೆ ಎಳೆಯುವ ಅಗ್ಗದ, ತಾಮ್ರ ಬಳಿದ ಅಲ್ಯೂಮಿನಿಯಂ ಕೇಬಲ್ ಇಲ್ಲಿ ಬೇಡ. ಜಾಲರಿ ಇರುವ ಶುದ್ಧ ತಾಮ್ರದ್ದೇ ಬೇಕು. ಎರಡನೇ ಕೇಬಲ್ಲನ್ನು ಪೆಂಡಾಲಿನ ಇನ್ನೊಂದು ಬದಿಯಿಂದ ಎಳೆದಿಡಿ. ಮೊದಲನೆಯದರ ಜೊತೆಗೇ ಕಟ್ಟಿದರೆ ಎರಡನ್ನೂ ಒಂದೇ ಟ್ರ್ಯಾಕ್ಟರ್ ತುಳಿಯುತ್ತದೆ.

ಟ್ಯಾಬ್ಲೆಟ್ಟಿನಲ್ಲೇ ಮಿಕ್ಸ್ ಮಾಡುವವರು 5 ಗಿಗಾಹರ್ಟ್ಸಿನ ಸ್ವಂತ ರೌಟರ್ ಇಟ್ಟುಕೊಳ್ಳಿ. ನೂರಾರು ಮೊಬೈಲು ಸೇರಿದ ಜಾಗದಲ್ಲಿ 2.4 ಗಿಗಾಹರ್ಟ್ಸ್ ನಂಬುವಂತಿಲ್ಲ. ಫೇಡರೇ ಇಲ್ಲದ ಡಬ್ಬಿ ಮಿಕ್ಸರ್ ಆದರೆ ವೈರಿನಲ್ಲಿ ಸೇರಿಸಿದ ಒಂದು ಲ್ಯಾಪ್‌ಟಾಪ್ ಕೂಡ ತೆರೆದಿರಲಿ, ಇಲ್ಲವಾದರೆ ವೈಫೈ ಹೋದಾಗ ವಾಲ್ಯೂಮ್ ಇಳಿಸಲೂ ದಾರಿ ಇರುವುದಿಲ್ಲ.

ಬದಲಿ ಪೆಟ್ಟಿಗೆ

ದುಡ್ಡು ಕಡಿಮೆ ಇದ್ದರೆ ಯಾವುದು ಮೊದಲು? ನನ್ನ ಸರದಿ ಹೀಗಿದೆ: ಮೈಕ್ ಕೇಬಲ್, ಸ್ಪೀಕಾನ್ ಕೇಬಲ್, ಕರೆಂಟ್ ವೈರು, ಒಂದು ಡಿಐ, ಒಂದು ಡೈನಮಿಕ್ ಮೈಕ್, ಕೀಬೋರ್ಡಿನ ಅಡಾಪ್ಟರ್, ಫ್ಯೂಸು. ಆಮೇಲೆ ಯುಪಿಎಸ್. ಆಮೇಲೆ ಚಿಕ್ಕ ಮಿಕ್ಸರ್. ಹೆಚ್ಚಿಗೆ ಪವರ್ ಆಂಪ್ ಎಲ್ಲಕ್ಕಿಂತ ಕೊನೆಗೆ. ಕೀಬೋರ್ಡಿನ ಅಡಾಪ್ಟರ್ ನೋಡಿ ನಗಬೇಡಿ. ಒಂದು ಚಿಕ್ಕ ಅಡಾಪ್ಟರ್ ಸತ್ತು ಇಡೀ ಆರ್ಕೆಸ್ಟ್ರಾ ಕೈಕಟ್ಟಿ ಕೂರುವುದುಂಟು. ವೋಲ್ಟೇಜ್ ಮಾತ್ರವಲ್ಲ, ಪಿನ್ನಿನ ಪ್ಲಸ್ ಒಳಗಿದೆಯೋ ಹೊರಗಿದೆಯೋ ಅನ್ನುವುದನ್ನೂ ಹೊಂದಿಸಿ ಮೊದಲೇ ತಂದಿಡಬೇಕು.

ಕಾರ್ಯಕ್ರಮದಲ್ಲಿ ಕೈಕೊಟ್ಟ ಕೇಬಲ್ಲಿನ ಎರಡೂ ತುದಿಗೆ ಅಲ್ಲೇ ಕೆಂಪು ಟೇಪ್ ಸುತ್ತಿ, ಏನಾಯಿತು ಅಂತ ಎರಡು ಪದ ಬರೆಯಿರಿ: "ಆಗಾಗ ಕಟ್", "ಹಮ್". ಬೇರೆ ಚೀಲಕ್ಕೆ ಹಾಕಿ. ರಾತ್ರಿ ಲೋಡ್ ಮಾಡುವ ಹುಡುಗರು ನಿದ್ದೆಗಣ್ಣಿನಲ್ಲಿ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬುತ್ತಾರೆ, ಟೇಪ್ ಇಲ್ಲದಿದ್ದರೆ ಅದೇ ಕೇಬಲ್ ಮುಂದಿನ ಊರಿನಲ್ಲಿ ಅದೇ ಗಾಯಕರ ಕೈಗೆ ಹೋಗುತ್ತದೆ. ಬೆಸುಗೆ ಹಾಕಿ, ಬಾಗಿಸಿ ಟೆಸ್ಟ್ ಮಾಡಿದ ಮೇಲೆಯೇ ಟೇಪ್ ತೆಗೆಯಿರಿ.